ಮನೆ ಕಂಪ್ಯೂಟರಿನೊಳಗೆ ಕಳ್ಳ ಹೊಗದಂತೆ: ನಮ್ಮ ರಿಪೇರಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದಲೂ ಜನ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಬರುತ್ತಾರೆ. ಹಾರ್ಡ್‌ಡಿಸ್ಕ್ ಹೋಗಿದ್ದರೆ ಬದಲಿಸಬಹುದು, ಕೀಬೋರ್ಡಿಗೆ ಕಾಫಿ ಬಿದ್ದಿದ್ದರೆ ಬಿಚ್ಚಿ ಒರೆಸಬಹುದು. ಆದರೆ ಯಾವುದೋ ಒಂದು ಡೌನ್‌ಲೋಡಿನಿಂದ ಹತ್ತು ವರ್ಷದ ಫೋಟೊ, ಬ್ಯಾಂಕಿನ ಪಾಸ್‌ವರ್ಡ್ ಕಳೆದುಕೊಂಡು ಬಂದವರ ಮುಂದೆ ಕೂತಾಗ, ಇದನ್ನು ಇವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅನ್ನಿಸಿ ಸಂಕಟವಾಗುತ್ತದೆ. ಹಾಗಾಗಿ ದಿನವೂ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮನೆ ಕಂಪ್ಯೂಟರಿನಲ್ಲಿ ಕದಿಯೋಕೆ ಏನಿದೆ ಸಾರ್? ನಾವೇನು ದೊಡ್ಡ ಕಂಪನಿಯವರಾ?

ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದೇ. ಕೇಳಿದವರ ಲ್ಯಾಪ್‌ಟಾಪನ್ನು ಅವರೆದುರಿಗೇ ತೆರೆದು ತೋರಿಸುತ್ತೇನೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮನೆಯವರೆಲ್ಲರ ಆಧಾರ್, ಪಾನ್ ಕಾರ್ಡಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನಿನ ಪಹಣಿ. ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡುಗಳು ಒಂದು ಉದ್ದನೆಯ ಪಟ್ಟಿ. ಇಮೇಲ್ ಸದಾ ತೆರೆದೇ ಇರುತ್ತದೆ. ಆ ಇಮೇಲ್ ಒಂದು ಸಿಕ್ಕರೆ ಉಳಿದ ಖಾತೆಗಳ ಪಾಸ್‌ವರ್ಡನ್ನು "ಮರೆತಿದ್ದೇನೆ" ಎಂದು ಒತ್ತಿ ಬದಲಿಸಿಕೊಳ್ಳಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನೀವು ಒಮ್ಮೆ ಲಾಗಿನ್ ಆದ ಮೇಲೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಬಾರದೆಂದು ಆ ಸೈಟು ನಿಮ್ಮ ಬ್ರೌಸರಿಗೆ ಕುಕೀ ಎಂಬ ಚೀಟಿ ಕೊಟ್ಟಿರುತ್ತದೆ. ಈಗಿನ ಸ್ಪೈವೇರುಗಳು ಆ ಚೀಟಿಯನ್ನೇ ಎತ್ತಿಕೊಂಡು ಹೋಗುತ್ತವೆ. ಚೀಟಿ ಇದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ನಿಮ್ಮ ಹೆಸರು, ಊರು ನೋಡಿಕೊಂಡು ಯಾರೂ ಇದನ್ನು ಮಾಡುವುದಿಲ್ಲ. ಕೆರೆಗೆ ಬಲೆ ಬೀಸಿದವನು ಇಂಥ ಮೀನೇ ಬೀಳಲಿ ಎಂದು ಕಾಯುತ್ತಾನೆಯೇ?

ವೈರಸ್, ಸ್ಪೈವೇರ್, ರ‍್ಯಾನ್ಸಮ್‌ವೇರ್ ಎಲ್ಲ ಒಂದೇನಾ?

ಬೇರೆ ಬೇರೆ. ವೈರಸ್ ಒಂದು ಫೈಲಿನಿಂದ ಇನ್ನೊಂದಕ್ಕೆ ಹರಡುತ್ತದೆ. ಸ್ಪೈವೇರ್ ಸದ್ದಿಲ್ಲದೆ ಕೂತು ನೀವು ಒತ್ತುವ ಕೀಲಿ, ನೋಡುವ ಪುಟ, ಸೇವ್ ಮಾಡಿದ ಪಾಸ್‌ವರ್ಡು ಎಲ್ಲವನ್ನೂ ಹೊರಗೆ ಕಳಿಸುತ್ತದೆ. ರ‍್ಯಾನ್ಸಮ್‌ವೇರ್ ನಿಮ್ಮ ಫೈಲುಗಳಿಗೆ ಬೀಗ ಹಾಕಿ ಬೀಗದಕೈಗೆ ದುಡ್ಡು ಕೇಳುತ್ತದೆ. ಆಡ್‌ವೇರ್ ಜಾಹೀರಾತು ಸುರಿಸುತ್ತದೆ. ಮನೆಯವರ ಮಟ್ಟಿಗೆ ಈ ಹೆಸರುಗಳಿಗಿಂತ ಇವು ಬರುವ ದಾರಿ ಮುಖ್ಯ, ದಾರಿ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಒಳಗೆ ಬರುವುದು ಹೇಗೆ?

ಗೋಡೆ ಒಡೆದು ಬರುವುದು ಅಪರೂಪ. ಹಾಗೆ ಬಂದದ್ದೂ ಉಂಟು: 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಹರಡಿತು, ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು.

ಅದು ಬಿಟ್ಟರೆ, ನನ್ನ ಮೇಜಿನ ಮೇಲೆ ಬಂದ ಕಂಪ್ಯೂಟರುಗಳಲ್ಲಿ ಬಹುಪಾಲು ಬಾಗಿಲನ್ನು ಮನೆಯವರೇ ತೆರೆದಿದ್ದರು. "ಯೆಸ್" ಒತ್ತಿದ್ದು ಅವರೇ. ಅವರ ತಪ್ಪು ಎಂದು ಹೇಳುತ್ತಿಲ್ಲ, ಹಾಗೆ ಒತ್ತಿಸುವುದೇ ಕಳ್ಳರ ಕಸುಬು. ಅದಕ್ಕೇ ಮನೆಯವರಿಗೆಲ್ಲ ಒಂದು ಪ್ರಶ್ನೆ ಕಲಿಸುತ್ತೇನೆ. ಯಾವುದೇ ಫೈಲ್ ತೆರೆಯುವ ಮುಂಚೆ ಕೇಳಿಕೊಳ್ಳಿ: ಇದನ್ನು ನಾನು ಹುಡುಕಿಕೊಂಡು ಹೋದೆನೇ, ಇದೇ ನನ್ನನ್ನು ಹುಡುಕಿಕೊಂಡು ಬಂತೇ? ತಾನಾಗಿ ಬಂದದ್ದನ್ನು, ಅದು ಕೊರಿಯರ್ ರಸೀದಿಯಾಗಲಿ, ಟ್ರಾಫಿಕ್ ಚಲನ್ ಆಗಲಿ, ಮದುವೆ ಕರೆಯೋಲೆಯಾಗಲಿ, ತೆರೆಯಬೇಡಿ. ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳಿ. ನೀವೇ ಹುಡುಕಿಕೊಂಡು ಹೋಗಿದ್ದರೆ, ಎಲ್ಲಿಂದ ತಂದಿರಿ ಅನ್ನುವುದು ಮುಂದಿನ ಪ್ರಶ್ನೆ.

ನಾನು ನುಡಿ ಮಾತ್ರ ಡೌನ್‌ಲೋಡ್ ಮಾಡಿದ್ದು. ಅದರಿಂದಲೂ ಬರುತ್ತಾ?

ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಿಂದ ಬರುವುದಿಲ್ಲ, ನುಡಿಯನ್ನು ತಂದ ಜಾಗದಿಂದ ಬರುತ್ತದೆ.

ಪಾಂಡವಪುರದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಪಾಠದ ಹಳೆಯ ಟಿಪ್ಪಣಿಗಳನ್ನೆಲ್ಲ ಟೈಪ್ ಮಾಡಿ ಇಡುತ್ತಿದ್ದರು. ಮಗ ಫಾರ್ಮ್ಯಾಟ್ ಮಾಡಿದಾಗ ನುಡಿ ಹೋಯಿತು. ಮೇಷ್ಟ್ರು "ನುಡಿ ಡೌನ್‌ಲೋಡ್" ಎಂದು ಹುಡುಕಿ, ಮೊದಲು ಸಿಕ್ಕ ಪುಟಕ್ಕೆ ಹೋಗಿದ್ದಾರೆ. ಆ ಪುಟವನ್ನು ನಾವಿಬ್ಬರೂ ಮತ್ತೆ ತೆರೆದು ನೋಡಿದೆವು. ಮೇಲೊಂದು, ನಡುವೆ ಒಂದು, ಪಕ್ಕದಲ್ಲೊಂದು, ಹೀಗೆ ಮೂರು ಹಸಿರು ಗುಂಡಿ. ಮೂರರ ಮೇಲೂ "ಡೌನ್‌ಲೋಡ್" ಎಂದೇ ಇದೆ, ಮೂರೂ ಜಾಹೀರಾತು. ನಿಜವಾದ ಕೊಂಡಿ ಪುಟದ ತಳದಲ್ಲಿ, ಸಾಸಿವೆ ಗಾತ್ರದ ನೀಲಿ ಅಕ್ಷರದಲ್ಲಿ. ಮೇಷ್ಟ್ರು ಒತ್ತಿದ್ದು ದೊಡ್ಡ ಗುಂಡಿಯನ್ನು. ಇನ್‌ಸ್ಟಾಲ್ ಆಗುವಾಗ ಎರಡನೇ ಪರದೆಯಲ್ಲಿ ಮೂರು ಚೌಕ, ಮೂರರಲ್ಲೂ ಟಿಕ್ ಮೊದಲೇ ಬಿದ್ದಿದೆ: ಒಂದು ಸರ್ಚ್ ಬಾರ್, ಒಂದು ಕಂಪ್ಯೂಟರ್ ವೇಗ ಹೆಚ್ಚಿಸುವುದಂತೆ, ಒಂದು ಬ್ರೌಸರಿಗೆ ಅಂಟಿಕೊಳ್ಳುವ ಶಾಪಿಂಗ್ ಎಕ್ಸ್‌ಟೆನ್ಶನ್. "ನೆಕ್ಸ್ಟ್, ನೆಕ್ಸ್ಟ್" ಒತ್ತಿಕೊಂಡು ಹೋಗಿದ್ದಾರೆ. ಕೊನೆಗೆ ನುಡಿ ಬಂದಿದೆ, ಅದರ ಬೆನ್ನಿಗೆ ಇವು ಮೂರೂ ಬಂದಿವೆ. ಕೇಳಿದ್ದು ಸಿಕ್ಕಿತಲ್ಲ, ಹಾಗಾಗಿ ಎರಡು ತಿಂಗಳು ಅವರಿಗೆ ಅನುಮಾನವೇ ಬಂದಿರಲಿಲ್ಲ. ಏನು ಹುಡುಕಿದರೂ ಬೇರೆ ಯಾವುದೋ ಪುಟ ತೆರೆಯುತ್ತಿತ್ತು, ಕಂಪ್ಯೂಟರಿಗೆ ವಯಸ್ಸಾಯಿತು ಅಂದುಕೊಂಡಿದ್ದರು.

ನುಡಿ ಬೇಕಿದ್ದರೆ ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಜಾಲತಾಣಕ್ಕೇ ಹೋಗಿ. ಬರೀ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಓದಬರುವ ಕನ್ನಡ ಟೈಪ್ ಮಾಡಬೇಕಾದರೆ ಡೌನ್‌ಲೋಡೇ ಬೇಡ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು, ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಟೈಪ್ ಮಾಡುವ ಫೋನೆಟಿಕ್ ಕೀಲಿಮಣೆಯೂ ಸಿಗುತ್ತದೆ. ಗೂಗಲ್‌ನವರ ಹಳೆಯ ಆಫ್‌ಲೈನ್ ಟೈಪಿಂಗ್ ಸಾಧನವನ್ನು ಅವರೇ ಕೊಡುವುದು ನಿಲ್ಲಿಸಿದ್ದಾರೆ. ಅದರ ಹೆಸರಿನಲ್ಲಿ ಈಗ ಎಲ್ಲೆಲ್ಲೋ ಸಿಗುವ ಫೈಲುಗಳನ್ನು ನಂಬಬೇಡಿ.

ಅಸಲಿ ಸೈಟು ಯಾವುದು, ನಕಲಿ ಯಾವುದು ಅಂತ ಗೊತ್ತಾಗೋದು ಹೇಗೆ?

ಹುಡುಕಿದಾಗ ಮೇಲೆ ಬಂದದ್ದೇ ಅಸಲಿ ಎಂದು ತಿಳಿಯಬೇಡಿ. ಮೇಲಿನ ಒಂದೆರಡು ಸಾಲು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು, ಅದರ ಮೇಲೆ "ಸ್ಪಾನ್ಸರ್ಡ್" ಎಂದು ಸಣ್ಣಗೆ ಬರೆದಿರುತ್ತದೆ. ಅವನ್ನು ದಾಟಿ ಕೆಳಗೆ ಬನ್ನಿ.

ವಿಳಾಸವನ್ನು ಬಲಗಡೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ. ಪಹಣಿ, ಪರೀಕ್ಷೆ ಫಲಿತಾಂಶ, ರೇಷನ್ ಕಾರ್ಡು ಇಂಥ ಸರ್ಕಾರಿ ಕೆಲಸಕ್ಕೆ ಮೊದಲ ಒಂಟಿ ಓರೆಗೆರೆಯ (/) ಹಿಂದಿನ ತುದಿ "ಗವ್ ಡಾಟ್ ಇನ್" ಅಥವಾ "ನಿಕ್ ಡಾಟ್ ಇನ್" ಆಗಿರಬೇಕು. "ಕರ್ನಾಟಕ", "ಭೂಮಿ" ಎಂಬ ಪದಗಳು ವಿಳಾಸದ ನಡುವೆ ಎಲ್ಲೋ ಇದ್ದರೆ ಅದಕ್ಕೆ ಬೆಲೆಯಿಲ್ಲ, ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ವಿಳಾಸದ ಪಕ್ಕದ ಬೀಗದ ಗುರುತೂ ಅಷ್ಟೇ: ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂದು ಹೇಳುತ್ತದೆಯೇ ಹೊರತು ಆ ತುದಿಯಲ್ಲಿ ಕೂತವನು ಒಳ್ಳೆಯವನು ಎಂದಲ್ಲ. ಕಳ್ಳರ ಸೈಟಿಗೂ ಬೀಗ ಸಿಗುತ್ತದೆ.

ಪಿಡಿಎಫ್ ಅಂತಲೇ ಇತ್ತು, ತೆರೆದರೆ ಹೀಗಾಯ್ತು. ಯಾಕೆ?

ಅದು ಪಿಡಿಎಫ್ ಆಗಿರಲಿಲ್ಲ. ವಿಂಡೋಸ್ ಫೈಲ್ ಹೆಸರಿನ ಕೊನೆಯ ಬಾಲವನ್ನು ಮುಚ್ಚಿಡುತ್ತದೆ. "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಎಂಬ ಫೈಲು ನಿಮಗೆ "ಬಿಲ್ ಡಾಟ್ ಪಿಡಿಎಫ್" ಎಂದಷ್ಟೇ ಕಾಣುತ್ತದೆ. ಹಳೆಯ ಉಪಾಯ ಇದು. 2000ದ ಮೇ ತಿಂಗಳಲ್ಲಿ ಪ್ರಪಂಚದ ಇಮೇಲುಗಳನ್ನೆಲ್ಲ ಕೆಡಿಸಿದ "ಐ ಲವ್ ಯೂ" ಕೂಡ ಪ್ರೇಮಪತ್ರದ ಟೆಕ್ಸ್ಟ್ ಫೈಲಿನಂತೆ ಕಾಣುತ್ತಿತ್ತು, ಹಿಂದಿನ ಬಾಲ "ವಿಬಿಎಸ್" ಮುಚ್ಚಿಹೋಗಿತ್ತು. ಇಪ್ಪತ್ತೈದು ವರ್ಷವಾದರೂ ಈ ಮುಚ್ಚುವ ಪದ್ಧತಿ ಹೋಗಿಲ್ಲ, ನನಗೆ ಇದು ಒಪ್ಪಿಗೆಯಿಲ್ಲದ ಸಂಗತಿ.

ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ಮೇಲಿನ "ವ್ಯೂ" ಒತ್ತಿ, ಅದರೊಳಗೆ "ಶೋ", ಅದರೊಳಗೆ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಟಿಕ್ ಮಾಡಿ. ಈಗಲೇ ಮಾಡಿ, ಅರ್ಧ ನಿಮಿಷದ ಕೆಲಸ. ಇನ್ನು ಮುಂದೆ ಬಾಲ ಇಎಕ್ಸ್‌ಇ, ಎಂಎಸ್‌ಐ, ಬಿಎಟಿ, ವಿಬಿಎಸ್, ಜೆಎಸ್, ಎಸ್‌ಸಿಆರ್ ಇವುಗಳಲ್ಲಿ ಒಂದಾಗಿದ್ದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ ಎಂದು ತಿಳಿಯಿರಿ. ಅನುಮಾನದ ಫೈಲನ್ನು ವೈರಸ್‌ಟೋಟಲ್ ಎಂಬ ಸೈಟಿಗೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ, ಉಚಿತ. ನಿಮ್ಮ ಖಾಸಗಿ ದಾಖಲೆಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಅಲ್ಲಿ ಹಾಕಿದ್ದನ್ನು ಬೇರೆಯವರೂ ನೋಡಬಹುದು.

ಎಲ್ಲರೂ ಕ್ರ್ಯಾಕ್ ಹಾಕ್ಕೊಂಡಿದ್ದಾರೆ. ನಮಗೊಬ್ಬರಿಗೇ ಏನಾಗುತ್ತೆ?

ಮದ್ದೂರು ಕಡೆಯ ಒಬ್ಬ ಹುಡುಗ, ಮದುವೆ ಫೋಟೊ ತೆಗೆಯುವವನು. ಫೋಟೊ ತಿದ್ದುವ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ಕಟ್ಟಲಾಗದೆ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಅದನ್ನು ಓಡಿಸುವ ಕಳ್ಳದಾರಿ, ಹುಡುಕಿದ. ಸಿಕ್ಕಿದ್ದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲು, ಪಾಸ್‌ವರ್ಡನ್ನು ಪುಟದಲ್ಲೇ ಬರೆದಿದ್ದಾರೆ, ಜೊತೆಗೆ "ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ. ಪಾಸ್‌ವರ್ಡ್ ಯಾಕೆ ಹಾಕುತ್ತಾರೆ ಅಂದರೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ ಏನಿದೆ ಎಂದು ಆಂಟಿವೈರಸ್ ನೋಡಲಾರದು. ಕಾವಲುಗಾರನನ್ನು ಮನೆಗೆ ಕಳಿಸಿ ಅನ್ನುವವನು ಯಾಕೆ ಹಾಗನ್ನುತ್ತಾನೆ ಎಂದು ಅವನಿಗೆ ಆಗ ಹೊಳೆಯಲಿಲ್ಲ.

ರಾತ್ರಿ ಹಾಕಿ ಮಲಗಿದ್ದಾನೆ. ಬೆಳಿಗ್ಗೆ ಎಲ್ಲ ಫೋಟೊಗಳ ಹೆಸರಿನ ಹಿಂದೆ ನಾಲ್ಕಕ್ಷರದ ಹೊಸ ಬಾಲ, ಯಾವುದೂ ತೆರೆಯುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ "ರೀಡ್‌ಮಿ" ಎಂಬ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಇದು ಸ್ಟಾಪ್ ಎಂಬ ರ‍್ಯಾನ್ಸಮ್‌ವೇರ್ ಕುಟುಂಬದ ಚೀಟಿ, ಕ್ರ್ಯಾಕ್ ಹುಡುಕುವ ಮನೆಬಳಕೆದಾರರೇ ಅದರ ಬೇಟೆ. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್‌ಡಿಸ್ಕ್ ರಾತ್ರಿಯೆಲ್ಲ ಲ್ಯಾಪ್‌ಟಾಪಿಗೆ ಚುಚ್ಚಿಯೇ ಇತ್ತು. ಅದಕ್ಕೂ ಬೀಗ ಬಿದ್ದಿತ್ತು.

ಕೈಗೆ ಕೊಡದೆ ಉಳಿದಿದ್ದ ಮದುವೆ ಆಲ್ಬಮ್ಮುಗಳು ನಾಲ್ಕು. ಎರಡರ ಮೆಮೊರಿ ಕಾರ್ಡನ್ನು ಅವನು ಇನ್ನೂ ಅಳಿಸಿರಲಿಲ್ಲ, ಅವು ಉಳಿದವು. ಇನ್ನೆರಡು ಮನೆಗೆ ಹೋಗಿ ಅವನೇ ಹೇಳಬೇಕಾಯಿತು. ಒಂದು ಮನೆಗೆ ಅವನ ಜೊತೆ ನಾನೂ ಹೋಗಿದ್ದೆ. ಆ ಮನೆಯ ಅಜ್ಜಿ ಮದುವೆಯಾದ ತಿಂಗಳಿಗೇ ತೀರಿಕೊಂಡಿದ್ದರು. ಮದುಮಗಳು ಕೇಳಿದ್ದು ಒಂದೇ ಮಾತು, "ಅಜ್ಜಿ ಅಕ್ಷತೆ ಹಾಕಿದ್ದಾದ್ರೂ ಇಲ್ವಾ ಅಣ್ಣ?"

ಇಂಥದ್ದಾದರೆ ದುಡ್ಡು ಕಟ್ಟಬೇಡಿ, ಕಟ್ಟಿದರೂ ಬೀಗದಕೈ ಕೊಡುತ್ತಾರೆಂಬ ಖಾತ್ರಿಯಿಲ್ಲ. ಬೀಗ ಬಿದ್ದ ಫೈಲುಗಳನ್ನು ಅಳಿಸಲೂಬೇಡಿ. ಯುರೋಪಿನ ಪೊಲೀಸರೂ ಭದ್ರತಾ ಕಂಪನಿಗಳೂ ಸೇರಿ 2016ರಲ್ಲಿ ಶುರುಮಾಡಿದ "ನೋ ಮೋರ್ ರ‍್ಯಾನ್ಸಮ್" ಎಂಬ ಜಾಲತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತವಾಗಿ ಕೀಲಿ ಸಿಗುತ್ತದೆ. ಇವತ್ತು ಸಿಗದ ಕೀಲಿ ಮುಂದೊಂದು ದಿನ ಸಿಗಬಹುದು. ಆ ಹುಡುಗನ ಡಿಸ್ಕ್ ಇನ್ನೂ ನನ್ನ ಬೀರುವಿನಲ್ಲಿದೆ.

ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್, ಫೋಟೊ ತಿದ್ದಲು ಗಿಂಪ್, ವಿಡಿಯೊ ನೋಡಲು ವಿಎಲ್‌ಸಿ ಉಚಿತವಾಗಿವೆ. ಅವರವರ ಸ್ವಂತ ಸೈಟಿನಿಂದ ತನ್ನಿ. ಬ್ಯಾಕಪ್ ಡಿಸ್ಕನ್ನು ಕಾಪಿ ಮುಗಿದ ತಕ್ಷಣ ಕಿತ್ತು ಬೀರುವಿನಲ್ಲಿಡಿ.

ಯಾವ ಆಂಟಿವೈರಸ್ ಕೊಂಡುಕೊಳ್ಳಲಿ?

ಮನೆ ಬಳಕೆಗೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಮಾರಿದರೆ ನನಗೆ ಕಮಿಷನ್ ಬರುತ್ತದೆ, ಆದರೂ ಇದನ್ನೇ ಹೇಳುತ್ತೇನೆ. ಅದನ್ನು ಆಫ್ ಮಾಡದೆ ಇರುವುದು, ಅಪ್‌ಡೇಟ್ ತಡೆಯದೆ ಇರುವುದು, ಇವೆರಡೇ ನಿಮ್ಮ ಕೆಲಸ. ಎರಡೆರಡು ಆಂಟಿವೈರಸ್ ಹಾಕಿದರೆ ಒಂದರ ಕಾಲನ್ನು ಇನ್ನೊಂದು ಎಳೆದು ಕಂಪ್ಯೂಟರ್ ತೆವಳುತ್ತದೆ, ಅಷ್ಟೇ. ವಿಂಡೋಸ್ ಸೆಕ್ಯುರಿಟಿಯೊಳಗೆ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್" ಎಂಬುದಿದೆ. ಅದನ್ನು ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಫೋಟೊ, ದಾಖಲೆಗಳ ಫೋಲ್ಡರಿನಲ್ಲಿ ಏನನ್ನೂ ಬದಲಿಸದಂತೆ ತಡೆಯುತ್ತದೆ.

ವಿಂಡೋಸ್ 10 ಚೆನ್ನಾಗೇ ಓಡ್ತಿದೆ. ಬದಲಿಸಲೇಬೇಕಾ?

ಅದರ ಉಚಿತ ಭದ್ರತಾ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಸ್ತರಿತ ಅಪ್‌ಡೇಟಿಗೆ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಯಂತ್ರ ವಿಂಡೋಸ್ 11ಕ್ಕೆ ಒಗ್ಗುವುದಾದರೆ ಏರಿಸಿ. ಒಗ್ಗದ ಹಳೆಯ ಯಂತ್ರಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಡುತ್ತೇನೆ, ಬ್ರೌಸರ್ ಮತ್ತು ಟೈಪಿಂಗ್ ಮಾತ್ರ ಬೇಕಾದವರಿಗೆ ಅದೇ ಧಾರಾಳ.

"ನಾನು ರೋಬೋಟ್ ಅಲ್ಲ" ಅಂತ ತೋರಿಸೋಕೆ ಕೀಲಿ ಒತ್ತಿ ಅಂತು. ಒತ್ತಿದೆ...

ಇದು 2024ರಿಂದೀಚೆಗೆ ಹೆಚ್ಚಿದ ಮೋಸ, ದಯವಿಟ್ಟು ನಿಧಾನವಾಗಿ ಓದಿ. ಪುಟವೊಂದು ನಿಮಗೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಮೊದಲನೆಯದು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಪೆಟ್ಟಿಗೆ ತೆರೆಯುತ್ತದೆ. ಆ ಪುಟ ನಿಮಗೆ ತಿಳಿಯದಂತೆ ಒಂದು ಅಪ್ಪಣೆಯನ್ನು ಮೊದಲೇ ಕಾಪಿ ಮಾಡಿಟ್ಟಿರುತ್ತದೆ, ಎರಡನೆಯದು ಅದನ್ನು ಅಂಟಿಸುತ್ತದೆ. ಮೂರನೆಯದು ಸ್ಪೈವೇರನ್ನು ನಿಮ್ಮ ಕೈಯಿಂದಲೇ ಒಳಗೆ ಕರೆಸುತ್ತದೆ. ನಿಜವಾದ ಪರೀಕ್ಷೆ ಬಸ್ಸು, ಸಿಗ್ನಲ್ ಚಿತ್ರ ಆರಿಸಲು ಹೇಳಬಹುದು. ಬ್ರೌಸರಿನ ಹೊರಗೆ ಹೋಗಿ ಏನನ್ನೂ ಮಾಡಲು ಹೇಳುವುದಿಲ್ಲ.

ಇದರ ತಮ್ಮನೊಬ್ಬನಿದ್ದಾನೆ: "ಅಲೋ" ಒತ್ತಿ ಎಂದು ನೋಟಿಫಿಕೇಶನ್ ಅನುಮತಿ ಪಡೆದು, ಆಮೇಲೆ ಮೂಲೆಯಲ್ಲಿ "ವೈರಸ್ ಬಂದಿದೆ" ಎಂದು ಎಚ್ಚರಿಕೆ ತೋರಿಸುತ್ತಲೇ ಇರುತ್ತಾನೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ಸೈಟನ್ನು ತೆಗೆದರೆ ಹೋಗುತ್ತಾನೆ.

ಪರದೆ ತುಂಬಾ ಕೆಂಪು, ಸೈರನ್ ಶಬ್ದ, ಈ ನಂಬರಿಗೆ ಫೋನ್ ಮಾಡಿ ಅಂತ ಬಂದಿದೆ.

ಮಾಡಬೇಡಿ. ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಆಗದಿದ್ದರೆ ಆಲ್ಟ್ ಜೊತೆ ಎಫ್4, ಅದೂ ಆಗದಿದ್ದರೆ ಪವರ್ ಗುಂಡಿ. ಆಗಲೇ ಫೋನ್ ಮಾಡಿ, ಅವರು ಹೇಳಿದಂತೆ, ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಪ್ರೋಗ್ರಾಂ ಹಾಕಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ.

ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ.

ಫೋಲ್ಡರ್ ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣ ಕಂಡರೆ ಅದನ್ನು ಒತ್ತಬೇಡಿ, ಫಾರ್ಮ್ಯಾಟ್ ಕೂಡ ಮಾಡಬೇಡಿ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅದರೊಳಗೇ ಅವಿತಿರುತ್ತವೆ, ಹೊರತೆಗೆಯಬಹುದು. ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರ್ ಅದು, ಅಂಗಡಿಯವರನ್ನು ಬೈದು ಫಲವಿಲ್ಲ. ಪ್ರಿಂಟಿಗೆ ಫೈಲನ್ನು ಅಂಗಡಿಯ ಇಮೇಲಿಗೋ ವಾಟ್ಸಾಪಿಗೋ ಮನೆಯಿಂದಲೇ ಕಳಿಸಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಇಮೇಲ್ ಮಾತ್ರ ತೆರೆಯಬೇಡಿ.

ಮಕ್ಕಳು ಆಟದ ಚೀಟ್, ಮಾಡ್ ಅಂತ ಏನೇನೋ ಹಾಕ್ತಾರೆ. ಬೈದರೂ ಕೇಳಲ್ಲ.

ಬೈದರೆ ಮುಚ್ಚಿಡುತ್ತಾರೆ, ಅದು ಇನ್ನೂ ಕೆಟ್ಟದ್ದು. ವಿಡಿಯೊದ ಕೆಳಗಿನ ಕೊಂಡಿಯಿಂದ ತಂದ ಚೀಟುಗಳಲ್ಲಿ ಪಾಸ್‌ವರ್ಡ್ ಕದಿಯುವ ಸ್ಪೈವೇರ್ ಇರುವುದು ಮಾಮೂಲು. ಅವರಿಗೆ ಬೇರೆ ಖಾತೆ ಮಾಡಿಕೊಡಿ, ಅದು "ಸ್ಟ್ಯಾಂಡರ್ಡ್" ಖಾತೆಯಾಗಿರಲಿ, ಪೂರ್ತಿ ಅಧಿಕಾರವಿರುವ ಅಡ್ಮಿನ್ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ದೊಡ್ಡ ಸಾಫ್ಟ್‌ವೇರ್ ಹಾಕಬೇಕಾದಾಗ ನಿಮ್ಮನ್ನು ಕರೆಯಲೇಬೇಕಾಗುತ್ತದೆ, ಆಗ ಒಟ್ಟಿಗೆ ಕೂತು ನೋಡಿ. ಖಾತೆ ಬೇರೆಯಾಗಿದ್ದರೆ ನಿಮ್ಮ ಬ್ರೌಸರಿನ ಪಾಸ್‌ವರ್ಡುಗಳೂ ಅವರ ಆಟದಿಂದ ದೂರ ಉಳಿಯುತ್ತವೆ. ನೀವೂ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸಿದರೆ ಇನ್ನೂ ಒಳ್ಳೆಯದು.

ಈಗಾಗಲೇ ಒಳಗೆ ಬಂದಿದೆ ಅನ್ನಿಸ್ತಿದೆ. ಮೊದಲು ಏನು ಮಾಡಲಿ?

ವೈಫೈ ಆಫ್ ಮಾಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ತೆರೆಯಬೇಡಿ, ಪಾಸ್‌ವರ್ಡನ್ನೂ ಅಲ್ಲಿಂದ ಬದಲಿಸಬೇಡಿ, ಹೊಸ ಪಾಸ್‌ವರ್ಡನ್ನೂ ಅದು ಕದಿಯುತ್ತದೆ. ಬೇರೆ ಫೋನಿನಿಂದ ಮೊದಲು ಇಮೇಲಿನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, "ಎಲ್ಲ ಸಾಧನಗಳಿಂದ ಲಾಗೌಟ್" ಒತ್ತಿ. ಮೊದಲು ಹೇಳಿದ ಕುಕೀ ಚೀಟಿ ರದ್ದಾಗುವುದು ಹಾಗೆ. ನಂತರ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ "ಆಫ್‌ಲೈನ್ ಸ್ಕ್ಯಾನ್" ಓಡಿಸಿ, ಅದು ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅವಿತವು ಸಿಗುತ್ತವೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಉಚಿತ ಶುಚಿ ಸಾಧನಗಳಿವೆ. ಪಾಸ್‌ವರ್ಡ್ ಕದಿಯುವಂಥದ್ದು ಹೊಕ್ಕಿದ್ದು ಖಚಿತವಾದರೆ ನಾನು ಫೈಲು ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿಯೇ ಹಾಕುತ್ತೇನೆ. ಫಾರ್ಮ್ಯಾಟ್ ಆದರೂ ಪಾಸ್‌ವರ್ಡ್ ಬದಲಿಸುವ ಕೆಲಸ ತಪ್ಪುವುದಿಲ್ಲ, ಹೊರಗೆ ಹೋದದ್ದು ಹೋಗಿಯೇ ಇರುತ್ತದೆ.

ದುಡ್ಡು ಹೋಗಿದೆ.

ಓದುವುದು ನಿಲ್ಲಿಸಿ 1930ಕ್ಕೆ ಫೋನ್ ಮಾಡಿ, ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ತಡವಾಗದಿದ್ದರೆ ದುಡ್ಡು ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಯುವ ಸಾಧ್ಯತೆ ಇದೆ. ಬ್ಯಾಂಕಿಗೂ ತಿಳಿಸಿ, ತಿಳಿಸಿದ ಹೊತ್ತು ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಲಿಖಿತ ದೂರಿಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣ ಇದೆ, ಮಂಡ್ಯದಲ್ಲೂ ಮೈಸೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ. ದೂರು ಕೊಡುವವರೆಗೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷಿ ಅದರೊಳಗಿದೆ.

ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಕೊಡಬಹುದಾ?

ಕೇಳಲು ಸಂಕೋಚಪಡಬೇಡಿ, ಕೇಳಬೇಕಾದ ಪ್ರಶ್ನೆಯೇ ಇದು. ಬ್ಯಾಟರಿ, ಪರದೆ, ಕೀಬೋರ್ಡಿನ ಕೆಲಸಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ. ಬೇಕಾದ ಕೆಲಸವಾದರೆ ಮನೆಯಲ್ಲೇ ಬ್ರೌಸರಿನಿಂದ ಲಾಗೌಟ್ ಆಗಿ ಬನ್ನಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಡದೆ ನೀವೇ ಟೈಪ್ ಮಾಡಿ, ಹಿಂದಕ್ಕೆ ತೆಗೆದುಕೊಂಡ ದಿನವೇ ಬದಲಿಸಿ. ಪುರುಸೊತ್ತಿದ್ದರೆ ಪಕ್ಕದಲ್ಲೇ ಕೂತು ನಾನು ಏನು ತೆರೆಯುತ್ತಿದ್ದೇನೆ ನೋಡಿ. ಅದಕ್ಕೆಂದೇ ಮೇಜಿನ ಈ ಬದಿಗೆ ಒಂದು ಸ್ಟೂಲ್ ಹಾಕಿದ್ದೇನೆ.